ಮೇಷ್ಟ್ರು ಬಿಟ್ಟುಬಿಟ್ಟ ವಾಕ್ಯ

ನಮ್ಮ ವಿಜ್ಞಾನ ಭವನದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಮೇಷ್ಟ್ರಲ್ಲ, ಎಲೆಕ್ಟ್ರಿಷಿಯನ್. ಸುಟ್ಟ ಬಲ್ಬು ಬದಲಿಸುವುದು, ಹೋದ ಫ್ಯೂಸ್ ಹಾಕುವುದು, ಗುಂಡಿ ಒತ್ತಿದರೆ ಓಡಬೇಕಾದ ಆಟಿಕೆ ರೈಲು ಮುಷ್ಕರ ಹೂಡಿದಾಗ ಅದರ ಹೊಟ್ಟೆ ಬಿಚ್ಚಿ ಕೂರುವುದು, ಇದಕ್ಕೆಂದೇ ಅವರನ್ನು ತೆಗೆದುಕೊಂಡಿದ್ದು. ಒಂದು ದಿನ ಮೇಲಿನ ಮಹಡಿಯಲ್ಲಿ ಪ್ರದರ್ಶನ ನಡೆಸಿಕೊಡುವವರು ಬರಲಿಲ್ಲ. ಕೋಣೆ ತುಂಬಿತ್ತು. ಟಿಕೆಟ್ ಹರಿದುಕೊಟ್ಟವಳು ನಾನು, ಜನ ರೇಗಿದರೆ ಮುತ್ತಿಕೊಳ್ಳುವುದೂ ನನ್ನ ಕಿಟಕಿಗೇ. ಏಣಿಯ ಮೇಲೆ ನಿಂತಿದ್ದ ಇವರನ್ನು, "ಇಳೀರಿ, ಹೋಗಿ ಏನಾದ್ರೂ ಮಾತಾಡಿ" ಎಂದು ಮೇಲಕ್ಕೆ ಅಟ್ಟಿದೆ. ಸ್ವಲ್ಪ ಹೊತ್ತಿಗೆಲ್ಲ ಚಪ್ಪಾಳೆ ಕೆಳಗಿನವರೆಗೂ ಕೇಳಿಸಿತು. ಅವತ್ತಿನಿಂದ ಅವರು ಏಣಿ ಹತ್ತಿದ್ದು ಕಡಿಮೆ.

ಮಾತು ಅವರಿಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಒಪ್ಪಿಕೊಳ್ಳಲೇಬೇಕು. ನಾನು ಓದಿದ್ದು ಅಷ್ಟಕ್ಕಷ್ಟೇ. ಬೆಳಕು ಎಂದರೆ ನನಗೆ ಕರೆಂಟು ಹೋದಾಗ ಮಾತ್ರ ನೆನಪಾಗುವ ವಸ್ತು. ಅಂಥವಳಿಗೂ ಅವರು ಕಾಲ ನಿಧಾನವಾಗುವುದು ಹೇಗೆಂದು ಅರ್ಥ ಮಾಡಿಸಿದ್ದರು. ಓಡುವ ಬಸ್ಸಿನಲ್ಲಿ ಕೂತು ಒಂದು ಚೆಂಡನ್ನು ನೆಲಕ್ಕೆ ಪುಟಿಸಿ ಹಿಡಿಯಿರಿ, ಎನ್ನುತ್ತಿದ್ದರು. ನಿಮ್ಮ ಕಣ್ಣಿಗೆ ಅದು ನೆಟ್ಟಗೆ ಇಳಿದು ನೆಟ್ಟಗೆ ಏರಿತು. ರಸ್ತೆಯಲ್ಲಿ ನಿಂತವನ ಕಣ್ಣಿಗೆ? ಅಷ್ಟರಲ್ಲಿ ಬಸ್ಸು ಮುಂದೆ ಹೋಯಿತಲ್ಲ, ಚೆಂಡು ಓರೆಯಾಗಿ ಇಳಿದು ಓರೆಯಾಗಿ ಏರಿತು, ಹೆಚ್ಚು ದೂರ ಹೋಯಿತು. ಚೆಂಡಿನ ವಿಷಯದಲ್ಲಿ ತಕರಾರಿಲ್ಲ. ಬಸ್ಸಿನ ವೇಗವನ್ನೂ ಸೇರಿಸಿಕೊಂಡು ಜೋರಾಗಿ ಹೋಯಿತು ಎಂದರೆ ಲೆಕ್ಕ ಸರಿಹೋಗುತ್ತದೆ. ಈಗ ಚೆಂಡಿನ ಜಾಗದಲ್ಲಿ ಬೆಳಕನ್ನು ಇಡಿ. ಬೆಳಕಿಗೆ ಒಂದೇ ವೇಗ, ಬಸ್ಸಿನವನಿಗೂ ಅಷ್ಟೇ, ರಸ್ತೆಯವನಿಗೂ ಅಷ್ಟೇ, ಯಾರ ಮುಲಾಜಿಗೂ ಅದು ಜೋರಾಗುವುದಿಲ್ಲ. ದೂರ ಹೆಚ್ಚಾಯಿತು, ವೇಗ ಅಷ್ಟೇ ಇದೆ ಎಂದಮೇಲೆ ರಸ್ತೆಯವನ ಲೆಕ್ಕದಲ್ಲಿ ಹೆಚ್ಚು ಹೊತ್ತು ಹಿಡಿಯಲೇಬೇಕು. ಬಸ್ಸಿನೊಳಗಿನ ಗಡಿಯಾರ ಅವನ ಪಾಲಿಗೆ ನಿಧಾನ. ಇಷ್ಟು ಹೇಳಿ ಮೇಷ್ಟ್ರು ಸುಮ್ಮನೆ ನಿಲ್ಲುತ್ತಿದ್ದರು, ಕೋಣೆಯಲ್ಲಿ "ಅರೆ!" ಎನ್ನುವ ಸದ್ದು ಬರುವತನಕ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು. ಒಳಗೊಂದು ನಾಣ್ಯ. ಗಡಗಡ ಅಲ್ಲಾಡಿಸಿ ಮೇಜಿನ ಮೇಲೆ ಇಟ್ಟು, ಒಂದು ದೀಪ ಬಿಟ್ಟು ಉಳಿದೆಲ್ಲ ಆರಿಸುತ್ತಿದ್ದರು. "ಹೆಡ್ಡಾ, ಟೇಲಾ?" ಜನ ಕೂಗುತ್ತಿದ್ದರು. "ಎರಡೂ ಅಲ್ಲ. ಎರಡೂ ಹೌದು. ನೀವು ನೋಡೋ ತನಕ ಇದು ಏನೂ ಆಗಿಲ್ಲ. ನೀವು ನೋಡಿದ್ರೇ ಅದು ಆಗೋದು!" ಎಂದು ಮುಚ್ಚಳ ತೆಗೆಯುತ್ತಿದ್ದರು. ಆಗ ಬೀಳುತ್ತಿತ್ತು ನೋಡಿ ಚಪ್ಪಾಳೆ, ಕೆಳಗೆ ನನ್ನ ಕಿಟಕಿಯ ಗಾಜು ನಡುಗುವ ಹಾಗೆ.

ಆ ಮಾತು ಇಲೆಕ್ಟ್ರಾನಿನಂಥ ಸಣ್ಣ ಕಣದ ಮಟ್ಟಿಗೆ ಸರಿ, ಕ್ವಾಂಟಂ ಅಂತಾರಂತೆ ಅದಕ್ಕೆ. ಅದು ಎಲ್ಲಿದೆ ಎಂದು ನಮಗೆ ಗೊತ್ತಿಲ್ಲದಿರುವುದು ಒಂದು, ಅದು ಎಲ್ಲಿರಬೇಕೆಂದು ಇನ್ನೂ ತೀರ್ಮಾನವೇ ಆಗದಿರುವುದು ಇನ್ನೊಂದು. ಇಲೆಕ್ಟ್ರಾನಿನದು ಎರಡನೆಯದು. ನಾಣ್ಯದ್ದು ಬರೀ ಮೊದಲನೆಯದು. ಡಬ್ಬಿಯೊಳಗೆ ಅದು ಯಾವಾಗಲೋ ಹೆಡ್ಡೋ ಟೇಲೋ ಆಗಿ ಬಿದ್ದಿರುತ್ತದೆ, ನಮಗೆ ಗೊತ್ತಿಲ್ಲ, ಅಷ್ಟೇ. ಅಲ್ಲದೆ ಭೌತಶಾಸ್ತ್ರದಲ್ಲಿ 'ನೋಡುವುದು' ಎಂದರೆ ಕಣ್ಣು ಬಿಟ್ಟು ನೋಡುವುದಲ್ಲವಂತೆ. ಗಾಳಿ ತಾಗಿದರೂ ನೋಡಿದಂತೆ, ಬೆಳಕು ಬಡಿದರೂ ನೋಡಿದಂತೆ, ಡಬ್ಬಿಯ ತಳ ಮುಟ್ಟಿದರೂ ನೋಡಿದಂತೆ. ದೊಡ್ಡ ವಸ್ತುವನ್ನು ಲೋಕ ಪ್ರತಿ ಗಳಿಗೆಯೂ ನೋಡುತ್ತಲೇ ಇರುತ್ತದೆ, ಅದಕ್ಕೆ ಎರಡೂ ಆಗಿ ಕೂರಲು ಬಿಡುವೇ ಇಲ್ಲ. ಇದನ್ನು ನನಗೆ ಹೇಳಿದ್ದು ನಮ್ಮ ಮೇಲ್ವಿಚಾರಕಿ. ಭೌತಶಾಸ್ತ್ರ ಓದಿ ಬಂದವರು, ಎಲ್ಲರಿಗೂ ಮೇಡಂ. ಪ್ರದರ್ಶನದ ಮಾತುಗಳನ್ನು ಬರೆದುಕೊಟ್ಟವರೂ ಅವರೇ. ಡಬ್ಬಿಯ ಆಟದ ಕೊನೆಗೆ ಅವರು ಒಂದು ವಾಕ್ಯ ಸೇರಿಸಿದ್ದರು: ಇದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಮಾತು, ನಾಣ್ಯಕ್ಕಾಗಲಿ ನಮ್ಮ ಬದುಕಿನ ಬೇರಾವ ವಸ್ತುವಿಗಾಗಲಿ ಇದು ಹೊಂದುವುದಿಲ್ಲ.

ಮೇಷ್ಟ್ರು ಮೊದಮೊದಲು ಅದನ್ನು ಹೇಳುತ್ತಿದ್ದರು. ಆಮೇಲೆ ಬಿಟ್ಟರು. ಯಾಕೆಂದು ನಾನೇ ಕೇಳಿದ್ದೆ.

"ಅಲ್ಲ ತಾಯಿ, ಚಪ್ಪಾಳೆಗೆ ಅಂತ ಕೈ ಎತ್ತಿರ್ತಾರೆ. ಅಷ್ಟೊತ್ತಿಗೆ ಇದು ಹಾಗಲ್ಲ ಅಂತ ರಾಗ ತೆಗೆದ್ರೆ ಕೈ ಹಾಗೇ ಇಳಿಸಿಬಿಡ್ತಾರೆ. ಕಾದ ಕಾವಲಿ ಮೇಲೆ ನೀರು ಹುಯ್ದ ಹಾಗೆ."

"ಮೇಡಂ ಬೈಯಲ್ವಾ?"

"ಜನ ಬರ್ತಿದಾರಲ್ಲ, ಯಾಕೆ ಬೈತಾರೆ?" ಎಂದು ಕಣ್ಣು ಮಿಟುಕಿಸಿದರು. ಆಗ ಅವರಿಗೆ ಎರಡು ಕೋಡು ಮೂಡಿದ್ದ ಕಾಲ. ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋಗಿದ್ದರು. ಟೀ ಅಂಗಡಿಯವನೂ ನಮಸ್ಕಾರ ಮೇಷ್ಟ್ರೇ ಎನ್ನುತ್ತಿದ್ದ.

ಅವರಿಗೆ ಇದ್ದವರು ಒಬ್ಬರೇ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಮೆಷೀನು, ಮೂಲೆಯಲ್ಲಿ ಅಳತೆ ಕೊಡಲು ಬಂದವರಿಗೊಂದು ಪರದೆ, ನೆಲದ ತುಂಬ ಚೂರು ಬಟ್ಟೆ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಿಲ್ಲ, ನನ್ನ ಜಾಯಮಾನಕ್ಕೆ ಅದೇ ದೊಡ್ಡ ಸಂಗತಿ. ಭಾನುವಾರ ಬಂತೆಂದರೆ ಅಕ್ಕ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ತಮ್ಮನ ಪ್ರದರ್ಶನಕ್ಕೆ ಹಾಜರು. ಕೊನೆಯ ಬೆಂಚು. ಅದೇ ಬಸ್ಸು, ಅದೇ ಚೆಂಡು, ಅದೇ ಡಬ್ಬಿ, ಆದರೂ ಪ್ರತಿ ಸಲವೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

"ಏನ್ ಅರ್ಥ ಆಗುತ್ತೆ ಅಕ್ಕಾ ನಿಮಗೆ?" ಎಂದು ನಾನು ರೇಗಿಸುತ್ತಿದ್ದೆ.

"ಅರ್ಥ ಯಾರಿಗೆ ಬೇಕಮ್ಮಾ? ಅವನು ನಿಂತ್ಕೊಂಡು ಮಾತಾಡ್ತಾನಲ್ಲ, ಅದು ಸಾಕು ನಂಗೆ. ಚಿಕ್ಕವನಿದ್ದಾಗ ಮೂರು ಮಾತು ನೆಟ್ಟಗೆ ಆಡ್ತಿರಲಿಲ್ಲ ಕಣೇ."

ಹಾಗಿದ್ದವರು ಒಂದು ಭಾನುವಾರ, ಜನವೆಲ್ಲ ಇಳಿದುಹೋದ ಮೇಲೆ, ಮೆಟ್ಟಿಲ ಬುಡದಲ್ಲಿ ನನ್ನ ಕಿಟಕಿಯ ಎದುರೇ ತಮ್ಮನನ್ನು ನಿಲ್ಲಿಸಿಕೊಂಡು ಕೇಳಿದರು: "ಲೋ, ನೋಡ್ದೇ ಇದ್ರೆ ಅದು ಹಾಗೇ ಇರುತ್ತೇನೋ?"

ಮೇಷ್ಟ್ರ ಮುಖ ಊರಗಲವಾಯಿತು. "ಹಾಗೇ ಇರುತ್ತೆ ಅಕ್ಕ! ನೋಡೋವರೆಗೂ ಏನೂ ಆಗಿರಲ್ಲ. ನೋಡಿದ್ರೇ ಆಗೋದು."

"ಎಷ್ಟು ದಿನ ಬೇಕಾದ್ರೂ?"

"ಎಷ್ಟು ದಿನ ಬೇಕಾದ್ರೂ!"

ಅಕ್ಕ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಹೊರಟರು. ಮೇಷ್ಟ್ರು ನನ್ನ ಕಡೆ ತಿರುಗಿ, "ಕೇಳಿಸ್ತಾ ತಾಯಿ? ನಮ್ಮಕ್ಕ ಕ್ವಾಂಟಂ ಪ್ರಶ್ನೆ ಕೇಳಿದ್ಲು!" ಎಂದರು. ಕಾವಲುಗಾರನಿಗೆ ಹೇಳಿದರು, ಗುಡಿಸುವವಳಿಗೆ ಹೇಳಿದರು, ಮೇಡಂ ಕೋಣೆಗೂ ಹೋಗಿ ಹೇಳಿ ಬಂದರು. ಜನ್ಮದಲ್ಲಿ ಒಂದು ಪ್ರಶ್ನೆ ಕೇಳದ ಹೆಂಗಸು ಇವತ್ತು ಯಾಕೆ ಕೇಳಿದಳು ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಅದಾಗಿ ತಿಂಗಳುಗಳೇ ಕಳೆದಿದ್ದವು. ಒಂದು ಭಾನುವಾರ ಅಕ್ಕ ಬೇಗ ಬಂದು ನನ್ನ ಟಿಕೆಟ್ ಗೂಡಿನೊಳಗೆ ಸ್ಟೂಲಿನ ಮೇಲೆ ಕೂತರು. ಮೇಲಿನ ಗೂಟದಲ್ಲಿದ್ದ ನನ್ನ ಚೀಲ ಕೊಡಿ ಎಂದೆ. ಬಲಗೈ ಎತ್ತಲು ಹೋಗಿ ಮುಖ ಕಿವಿಚಿಕೊಂಡು ಎಡಗೈಯಿಂದ ತೆಗೆದುಕೊಟ್ಟರು.

"ಏನಾಯ್ತು ಕೈಗೆ?"

"ಏನಿಲ್ಲ ಬಿಡು."

ಏನಿಲ್ಲ ಎಂದರೆ ಬಿಡುವವಳೇ ನಾನು? ಕಿಟಕಿಯ ಬಾಗಿಲು ಎಳೆದು, ಹೊರಗೆ ಸಾಲು ನಿಂತವರು ಗೊಣಗಿದರೆ ಗೊಣಗಲಿ ಎಂದು ಅವರ ಎದುರು ಕೂತೆ. ಅಕ್ಕ ನೆಲ ನೋಡುತ್ತ ಹೇಳಿದರು. ಎದೆಯಲ್ಲಿ ಒಂದು ಗಂಟು. ಮೊದಲು ಕಡಲೆಯಷ್ಟಿತ್ತು. ಈಗ ಅದಕ್ಕಿಂತ ದೊಡ್ಡದಾಗಿದೆ. ಕಂಕುಳಲ್ಲೂ ಏನೋ ಸಿಗುತ್ತದೆ.

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದ್ರೆ ತಾನೇ ಅದು ಇಂಥದ್ದು ಅಂತ ಆಗೋದು? ಅಲ್ಲಿವರೆಗೂ ಎರಡೂ ಇರುತ್ತಂತಲ್ಲ, ಕೆಟ್ಟದ್ದೂ ಇರಬೋದು, ಏನೂ ಇಲ್ದೇನೂ ಇರಬೋದು. ನಮ್ಮವನೇ ಹೇಳಿದ್ನಲ್ಲ."

ಅವರ ಮುಖದಲ್ಲಿ ಸಣ್ಣ ನಗುವೂ ಇತ್ತು. ಪೂರಾ ನಂಬಿಕೆಯಲ್ಲ, ಪೂರಾ ತಮಾಷೆಯೂ ಅಲ್ಲ. ಹೆದರಿದವರು ಯಾವುದೋ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಾಗ ಬರುತ್ತದಲ್ಲ, ಅಂಥ ನಗು.

"ಅಕ್ಕಾ, ಅದನ್ನ ನಂಬ್ಕೊಂಡು ಕೂತ್ರಾ ನೀವು?"

"ಬೇರೆ ಯಾರಾದ್ರೂ ಹೇಳಿದ್ರೆ ಥೂ ಅಂತಿದ್ದೆ ಕಣೇ. ಅಷ್ಟು ಜನದ ಮುಂದೆ ಅವನು ಹೇಳ್ತಾನೆ. ಎಲ್ರೂ ಚಪ್ಪಾಳೆ ತಟ್ತಾರೆ. ಸುಳ್ಳಾದ್ರೆ ಅಷ್ಟು ಜನ ತಟ್ತಾರಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಅಲ್ದೆ ನಾಚಿಕೆ ಕಣಮ್ಮಾ. ದಿನಾ ಬೆಳಗಾದ್ರೆ ಬೇರೆಯವರ ಎದೆ ಅಳತೆ ತಗೋತೀನಿ, ಒಂದು ಸಲಾನೂ ಏನೂ ಅನ್ಸಿಲ್ಲ. ನನ್ನದನ್ನ ಬಿಚ್ಚಿ ಇನ್ನೊಬ್ಬರಿಗೆ ತೋರಿಸ್ಬೇಕು ಅಂದ್ರೆ ಮೈಯೆಲ್ಲ ಹಿಡಿಯಾಗುತ್ತೆ" ಎಂದರು.

ಸಿಟ್ಟು ನೆತ್ತಿಗೇರಿತು. ಅಕ್ಕನ ಮೇಲಲ್ಲ. ಅವರನ್ನು ಅಲ್ಲೇ ಕೂರಿಸಿ ಮೆಟ್ಟಿಲು ಹತ್ತಿದೆ. ಆವತ್ತಿನ ಮೊದಲ ಪ್ರದರ್ಶನ ಮುಗಿಯುವ ಹೊತ್ತು, ಬಾಗಿಲು ಮುಚ್ಚಿತ್ತು. ಒಳಗಿಂದ ಡಬ್ಬಿಯ ಗಡಗಡ. "ನೀವು ನೋಡೋ ತನಕ ಇದು ಏನೂ ಆಗಿಲ್ಲ!" ಚಪ್ಪಾಳೆ. ಜನ ನಗುನಗುತ್ತ ಹೊರಬಂದು ನನ್ನನ್ನು ದಾಟಿಕೊಂಡು ಹೋದರು. ಮೇಷ್ಟ್ರು ಹಣೆಯ ಬೆವರು ಒರೆಸುತ್ತ, ಬೀಗುತ್ತ ಬಂದರು.

ನಾನು ಸುತ್ತಿಬಳಸಿ ಹೇಳುವವಳಲ್ಲ. ಅಕ್ಕ ಹೇಳಿದ್ದನ್ನು ಅಕ್ಕನ ಮಾತಿನಲ್ಲೇ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆ ಹಿಡಿದುಕೊಂಡರು.

"ಅವತ್ತು ಕೇಳಿದ್ಲಲ್ಲ... ಮೆಟ್ಟಿಲ ಹತ್ರ..."

"ಹೂಂ. ಅದಕ್ಕೇ ಕೇಳಿದ್ದು."

"ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ" ಎಂದರು. ಆ ಮಾತು ಮುಗಿಯುವಷ್ಟರಲ್ಲಿ ಅವರ ಮುಖ ನೋಡಲಾಗದ ಹಾಗಾಯಿತು. ಮನುಷ್ಯ ನಾಚಿಕೆಯಿಂದ ಕುಗ್ಗುತ್ತಾನೆ ಎಂದು ಮಾತಿಗೆ ಹೇಳುತ್ತೇವೆ. ಅವತ್ತು ಕಣ್ಣಾರೆ ಕಂಡೆ. ಹೆಗಲು ಇಳಿಯಿತು, ಕುತ್ತಿಗೆ ಒಳಕ್ಕೆ ಹೋಯಿತು, ಕೈಯಲ್ಲಿದ್ದ ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ಬಯ್ಯಬೇಕೆಂದು ನಾಲಿಗೆ ಮಸೆದುಕೊಂಡು ಬಂದಿದ್ದವಳು ನಾನು, ಹಾಗೇ ತಿರುಗಿ ಮೆಟ್ಟಿಲಿಳಿದೆ.

ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಕ್ಕ ದಾರಿಯುದ್ದಕ್ಕೂ ನನ್ನನ್ನೇ ಬೈದರು, ಅವನಿಗೆ ಯಾಕೆ ಹೇಳಿದೆ, ಗಂಡಸಿಗೆ ಹೇಳೋ ವಿಷಯವಾ ಅದು, ಎಂದು. ಮೇಷ್ಟ್ರು ಬಸ್ಸಿನಲ್ಲಿ ನಮ್ಮ ಜೊತೆ ಕೂರಲಿಲ್ಲ. ಖಾಲಿ ಸೀಟಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದರು. ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಮುಂದಿನ ವಾರ ಬನ್ನಿ ಎಂದರು.

ನಡುವೆ ಭಾನುವಾರ ಬಂತು. ರಜೆ ಹಾಕಿ ಎಂದೆ, ಕೇಳಲಿಲ್ಲ. ನಾನೂ ಕಿಟಕಿ ಮುಚ್ಚಿ ಮೇಲೆ ಹೋಗಿ ಬಾಗಿಲ ಬಳಿ ನಿಂತೆ. ಬಸ್ಸು, ಚೆಂಡು ಎಲ್ಲ ಮುಗಿಯಿತು. ಮುಂದಿನ ಸಾಲಿನ ಮಕ್ಕಳು ಡಬ್ಬಿ, ಡಬ್ಬಿ ಎಂದು ಕೂಗಿದರು. ಮೇಷ್ಟ್ರು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಅಲ್ಲಾಡಿಸದೆ, ದೀಪ ಆರಿಸದೆ ಹೇಳಿದರು:

"ಇದರೊಳಗೆ ನಾಣ್ಯ ಇದೆ. ಅದು ಈಗಾಗಲೇ ಹೆಡ್ಡೋ ಟೇಲೋ ಆಗಿ ಬಿದ್ದಿದೆ. ನಾವು ನೋಡಿದ್ರೂ ಅದೇ, ನೋಡದೇ ಇದ್ರೂ ಅದೇ. ಇಷ್ಟು ದಿನ ನಾನು ಬೇರೆ ಥರ ಹೇಳ್ತಿದ್ದೆ. ಅದು ತಪ್ಪು."

ಕೋಣೆ ತಣ್ಣಗಾಯಿತು. ನಡುವಿನ ಬೆಂಚಿನಲ್ಲಿದ್ದ ದಪ್ಪ ಮೀಸೆಯವರೊಬ್ಬರು ಎದ್ದರು. "ಹೋದ ಸಲ ಬಂದಿದ್ದೆ ನಾನು. ಮನೆಗೆ ಹೋಗಿ ಮಕ್ಕಳಿಗೆಲ್ಲ ಹೇಳಿದೀನಿ. ಹಾಗಾದ್ರೆ ಅದು ಸುಳ್ಳಾ?"

"ಹೌದು ಸಾರ್."

"ಗೊತ್ತಿದ್ದೂ ಹೇಳಿದ್ರಾ, ಗೊತ್ತಿಲ್ದೇ ಹೇಳಿದ್ರಾ?"

ಗೊತ್ತಿಲ್ಲದೆ ಎನ್ನಬಹುದಿತ್ತು. ಎಲೆಕ್ಟ್ರಿಷಿಯನ್ ಅಲ್ಲವೇ, ಯಾರೂ ಏನೂ ಅನ್ನುತ್ತಿರಲಿಲ್ಲ. "ಗೊತ್ತಿದ್ದೇ" ಎಂದರು ಮೇಷ್ಟ್ರು. "ನೀವು ಚಪ್ಪಾಳೆ ಹೊಡೀತಿದ್ರಿ."

ಆ ಮನುಷ್ಯ ತಲೆ ಕೊಡವಿಕೊಂಡು ಹೊರಟರು, ಅವರ ಹಿಂದೆ ಇನ್ನಷ್ಟು ಜನ. ಎಲ್ಲ ಖಾಲಿಯಾದ ಮೇಲೆ ಮೇಡಂ ಬಂದರು. ಅವರಿಗೆ ವಿಷಯ ತಿಳಿದಿತ್ತು. ಬೆಂಚಿನ ಮೇಲೆ ಬೆರಳಾಡಿಸುತ್ತ ನಿಂತು, "ಆ ವಾಕ್ಯ ನೀವು ಬಿಟ್ಟಿದ್ದು ನಂಗೊತ್ತಿತ್ತು. ಕೋಣೆ ತುಂಬ್ತಿತ್ತಲ್ಲ ಅಂತ ನಾನೂ ಸುಮ್ಮನಿದ್ದೆ" ಎಂದರು. ಅಷ್ಟು ಹೇಳಿ ನಮ್ಮಿಬ್ಬರ ಮುಖ ನೋಡದೆ ಇಳಿದುಹೋದರು. ಮೇಷ್ಟ್ರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಏಣಿ ತಂದು, ಯಾವ ಬಲ್ಬೂ ಹೋಗಿರದ ಸೀಲಿಂಗಿಗೆ ಚಾಚಿ, ಮೇಲೆ ಹತ್ತಿ ಕೂತರು. ನಾನು ಕರೆದರೂ ಇಳಿಯಲಿಲ್ಲ.

ಡಾಕ್ಟರು ಹೇಳಿದ ದಿನ ನಾವು ಮೂವರೂ ಹೋಗಿದ್ದೆವು. ಸಣ್ಣ ಕೋಣೆ, ಒಂದು ಮೇಜು, ಪರದೆಯ ಹಿಂದೆ ಎತ್ತರದ ಮಂಚ. ಡಾಕ್ಟರಮ್ಮ ಅಕ್ಕನನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ, ಬಟ್ಟೆ ಹಾಕಿಕೊಳ್ಳಿ ಎಂದು ಪರದೆ ಎಳೆದು ಬಂದರು. ಇತ್ತ ಮೇಷ್ಟ್ರಿಗೆ ಎಲ್ಲವನ್ನೂ ಮೆಲುದನಿಯಲ್ಲಿ ಗಡಿಬಿಡಿಯಲ್ಲಿ ಹೇಳಿದರು. ಅರ್ಧ ಅವರ ಓದಿನ ಭಾಷೆಯಲ್ಲಿ, ಅರ್ಧ ನಮಗೆ ತಿಳಿಯುವ ಭಾಷೆಯಲ್ಲಿ. ಕೊನೆಗೆ "ಸ್ವಲ್ಪ ಮುಂಚೆ ಬರೋದಲ್ವಾ ನೀವು" ಎಂದರು. ಅವರು ದಿನಕ್ಕೆ ಎಷ್ಟು ಜನಕ್ಕೆ ಆ ಮಾತು ಹೇಳುತ್ತಾರೋ. ಅಷ್ಟರಲ್ಲಿ ಯಾರೋ ಕರೆದರೆಂದು ಪಕ್ಕದ ಕೋಣೆಗೆ ಹೋದರು.

ಅಕ್ಕ ಗುಂಡಿ ಹಾಕಿಕೊಳ್ಳುತ್ತ ಪರದೆಯಿಂದ ಈಚೆ ಬಂದು ಕುರ್ಚಿಯ ಮೇಲೆ ಕೂತರು. ತಮ್ಮನ ಮುಖ ನೋಡಿದರು.

"ಏನಂದ್ರೋ ಅವರು? ಏನೇನೋ ಅಂತಿದ್ರು, ತಿಳೀಲಿಲ್ಲ. ನಂಗೆ ಅರ್ಥ ಆಗೋ ಹಾಗೆ ಹೇಳು. ನೀನು ಚೆನ್ನಾಗಿ ಹೇಳ್ತೀಯಲ್ಲ."

ನನಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಕುಹಕವಾಗಿ ಅಂದದ್ದಲ್ಲ ಅದು. ಅವರಿಗೆ ಕುಹಕ ಬರುತ್ತಲೇ ಇರಲಿಲ್ಲ. ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದರಲ್ಲ, ಹಾಗೇ ನೋಡುತ್ತಿದ್ದರು.

ಮೇಷ್ಟ್ರದು ಎಂಥ ಕಷ್ಟದ್ದನ್ನೂ ಬಸ್ಸು, ಚೆಂಡು ಎಂದು ಬಿಡಿಸಿಡುವ ಬಾಯಿ. ಅಂಥದ್ದೇನಾದರೂ ಹುಡುಕುತ್ತಾರೇನೋ ಎಂದು ನಾನು ಹೆದರಿದೆ. ಹುಡುಕಲಿಲ್ಲ. ಅಕ್ಕನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ಗಂಟು ಕೆಟ್ಟದ್ದೇ ಅಕ್ಕ. ಕಂಕುಳಿಗೂ ಹೋಗಿದೆ. ಎದೆ ಒಂದು ಕಡೆ ಪೂರಾ ತೆಗೀಬೇಕಂತೆ. ಆಮೇಲೆ ಔಷಧಿ, ಅದು ತುಂಬ ದಿನ. ಕೂದಲು ಉದುರುತ್ತೆ, ಸುಸ್ತಾಗುತ್ತೆ. ವಾಸಿ ಆಗಬೋದು. ಆಗೇ ಆಗುತ್ತೆ ಅಂತ ಅವರು ಹೇಳ್ಲಿಲ್ಲ." ಅಲ್ಲಿಗೆ ಅವರ ತಲೆ ತಗ್ಗಿತು. "ಕಡಲೆಯಷ್ಟಿದ್ದಾಗಲೇ ಬಂದಿದ್ರೆ ಅಷ್ಟನ್ನೇ ತೆಗೆದು ಕಳಿಸ್ತಿದ್ರಂತೆ. ನೀನು ಬರದೇ ಇದ್ದದ್ದು ನನ್ನ ಮಾತು ಕೇಳಿ."

ಅಕ್ಕ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು.

"ನಾನು ತೋರಿಸ್ದೇ ಇದ್ದಾಗಲೂ ಅದು ಬೆಳೀತಾ ಇತ್ತೇನೋ?"

"ಬೆಳೀತಾನೇ ಇತ್ತು ಅಕ್ಕ."

"ಹಾಗಂತ ಅವತ್ತೇ ಹೇಳೋದಲ್ವೇನೋ" ಎಂದರು ಅಕ್ಕ.

ಬೈಯುವ ದನಿಯಾಗಿರಲಿಲ್ಲ ಅದು. ಬೈದಿದ್ದರೆ ಮೇಷ್ಟ್ರು ತಲೆ ಎತ್ತುತ್ತಿದ್ದರೇನೋ.